ತುಮಕೂರಿನಲ್ಲಿ ಎಟಿವಿ ಎಂಜಿನ್ ಕೆಲಸ: ಅಳತೆ ನೋಡಿ ಕೈ ಹಾಕುವ ಗ್ಯಾರೇಜು

ಗುಬ್ಬಿಯ ಬಳಿಯ ನಮ್ಮ ತೆಂಗಿನ ತೋಟದಲ್ಲಿ ಗೊಬ್ಬರ, ಕಾಯಿ ಸಾಗಿಸಲು ಬಳಸುವ ಎಟಿವಿಯನ್ನು (ಕಚ್ಚಾ ಹಾದಿಯಲ್ಲೂ ಓಡುವ, ಬೈಕಿನಂಥ ನಾಲ್ಕು ಚಕ್ರದ ಗಾಡಿ) ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ್ದೇನೆ. ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು, ಏರಿನಲ್ಲಿ ಪಿಕಪ್ ಇಲ್ಲ, ಎಂಜಿನ್ನಿನ ಪಕ್ಕದಿಂದ ಚೈನಿನ ಸದ್ದು ಎಂಬ ದೂರು ಕೇಳಿದ ಮೇಸ್ತ್ರಿಯವರು ಕಾರ್ಬುರೇಟರಿಗೆ ಕೈ ಹಾಕದೆ, ಟ್ಯಾಪೆಟ್ ಸಂದನ್ನು (ವಾಲ್ವಿಗೂ ಅದನ್ನು ಒತ್ತುವ ರಾಕರ್ ಎಂಬ ತೋಳಿಗೂ ನಡುವಿನ ಸಣ್ಣ ಅಂತರ) ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ನೋಡಬೇಕೆಂದು ಗಾಡಿಯನ್ನು ರಾತ್ರಿ ಅಲ್ಲೇ ಬಿಡಿಸಿಕೊಂಡರು.

ಮರುದಿನದ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಮ್ಯಾಗ್ನೆಟ್ ಚಕ್ರದ ಮೇಲಿನ 'ಟಿ' ಗುರುತನ್ನು (ಪಿಸ್ಟನ್ ತುತ್ತತುದಿಯಲ್ಲಿದೆ ಎಂದು ತೋರಿಸುವುದು) ಕೇಸಿನ ಕಚ್ಚಿಗೆ ಸರಿಹೊಂದಿಸಿದರು. ಕ್ರ್ಯಾಂಕ್ (ಪಿಸ್ಟನ್ನಿನಿಂದ ತಿರುಗುವ ದಂಡ) ಎರಡು ಸುತ್ತು ತಿರುಗಿದರೆ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಒಂದೇ ಸುತ್ತು ತಿರುಗುವುದರಿಂದ ಈ ಗುರುತು ಗಾಳಿ-ಪೆಟ್ರೋಲನ್ನು ಒತ್ತುವ ಕಂಪ್ರೆಶನ್ ಕೊನೆಯಲ್ಲೂ ಬರುತ್ತದೆ, ಹೊಗೆ ಹೊರಹಾಕುವ ಎಕ್ಸಾಸ್ಟ್ ಕೊನೆಯಲ್ಲೂ ಬರುತ್ತದೆ. ಆದ್ದರಿಂದ ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲ್ಲಾಡಿಸಿ, ಎರಡು ವಾಲ್ವ್‌ಗಳೂ ಮುಚ್ಚಿವೆ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಸಂದು ಅಳೆಯುವ ತೆಳು ತಗಡುಗಳ ಫೀಲರ್ ಗೇಜ್ ತೆಗೆದರು. ನಮ್ಮ ಗಾಡಿಯ ಕೈಪಿಡಿಯಂತೆ ಗಾಳಿ ಒಳಬಿಡುವ ಇನ್‌ಟೇಕಿಗೆ 0.05 ಮಿ.ಮೀ. ಸಂದು ಬೇಕು, ಆ ತಗಡು ಒಳಗೆ ಹೋಗಲೇ ಇಲ್ಲ. ಹೆಚ್ಚು ಬಿಸಿಯಾಗುವ ಎಕ್ಸಾಸ್ಟಿಗೆ ಹೇಳಿರುವ 0.08 ಮಾತ್ರ ಸರಿಯಿತ್ತು. ಇನ್‌ಟೇಕ್ ಸಂದು ಇಲ್ಲವಾದರೆ ವಾಲ್ವ್ ಪೂರ್ತಿ ಕೂರದೆ ಕಂಪ್ರೆಶನ್ ಸೋರುತ್ತದೆ, ಸ್ಟಾರ್ಟಿಂಗ್ ತಕರಾರು ಅಲ್ಲಿಂದಲೇ ಬರುತ್ತದೆ.

ಈ ಗ್ಯಾರೇಜಿನ ಬಗ್ಗೆ ನನಗೆ ಗೌರವ ಮೂಡಿದ್ದು ಇದರ ನಂತರ. ಸಂದು ಸರಿಪಡಿಸಿ ಗಾಡಿ ಕೊಟ್ಟುಬಿಡಬಹುದಾಗಿತ್ತು. ಅವರು ಏರ್ ಫಿಲ್ಟರ್ ಡಬ್ಬ ತೆರೆದು, ಸ್ಪಂಜಿನ ಅಂಚು ಹರಿದಿದ್ದನ್ನೂ ಅದರ ಹಿಂದಿನ ಕೊಳವೆಯಲ್ಲಿ ಕೆಂಪು ಧೂಳು ಮೆತ್ತಿದ್ದನ್ನೂ ಬೆರಳಿಟ್ಟು ತೋರಿಸಿದರು. ಆ ಧೂಳೇ ವಾಲ್ವನ್ನೂ ಅದರ ಸೀಟನ್ನೂ ಸವೆಸಿ ಸಂದನ್ನು ಕಡಿಮೆ ಮಾಡುತ್ತದೆ. ಹೊಸ ಸ್ಪಂಜಿಗೆ ಫಿಲ್ಟರ್ ಆಯಿಲ್ ಹಿಂಡಿ ಕೂರಿಸಿದರು. ಇದಿಲ್ಲದೆ ಮಾಡುವ ಟ್ಯಾಪೆಟ್ ಕೆಲಸ ನಮ್ಮ ತೋಟದ ಧೂಳಿನಲ್ಲಿ ಬಹಳ ಕಾಲ ನಿಲ್ಲುವುದಿಲ್ಲ.

ಚೈನಿನ ಸದ್ದಿಗೆ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಸವೆದದ್ದು ಕಾರಣವಾಗಿತ್ತು. ಅದನ್ನು ಬದಲಿಸುವಾಗ ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಈ ಟೈಮಿಂಗ್ ಚೈನ್ ಒಂದು ಹಲ್ಲು ಜಿಗಿದರೂ ಪಿಕಪ್ ಕೆಡುತ್ತದೆ, ಇನ್ನೂ ಜಿಗಿದರೆ ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ತಾಗುತ್ತದೆ. ಅದಕ್ಕಾಗಿ ಎಲ್ಲ ಬಿಗಿದ ಮೇಲೂ ಎಂಜಿನ್ನನ್ನು ಎರಡು ಸುತ್ತು ಕೈಯಲ್ಲೇ ತಿರುಗಿಸಿ, ಕ್ಯಾಮ್ ಗುರುತನ್ನು ಮತ್ತೆ ನೋಡಿಯೇ ಕವರ್ ಮುಚ್ಚಿದರು.

ಇಗ್ನಿಷನ್ ಟೈಮಿಂಗನ್ನು (ಪ್ಲಗ್ ಕಿಡಿ ಹಾರಿಸುವ ಸಮಯ) ಸ್ವಲ್ಪ ಮುಂದೆ ಮಾಡಿಕೊಡುತ್ತೇವೆಂದು ಇನ್ನೊಂದು ಕಡೆ ಹೇಳಿದ್ದರು. ಈ ಗಾಡಿಯಲ್ಲಿ ಕಿಡಿಯ ಸಮಯವನ್ನು ತಾನೇ ನಿಗದಿಪಡಿಸುವ ಸಿಡಿಐ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ, ತಿರುಗಿಸಿ ಹೊಂದಿಸುವ ಜಾಗವೇ ಇಲ್ಲ ಎಂದು ಇವರು ನೇರವಾಗಿ ಹೇಳಿ, ಟೈಮಿಂಗ್ ಲೈಟ್ ಹಿಡಿದು ಕಿಡಿ ಹಾರಬೇಕಾದ ಜಾಗ ತೋರಿಸುವ 'ಎಫ್' ಗುರುತು ಸ್ಥಳದಲ್ಲೇ ಇರುವುದನ್ನು ತೋರಿಸಿದರು. ಆ ಪರೀಕ್ಷೆಗೆ ಹಣ ಪಡೆಯಲಿಲ್ಲ.

ಕೊರತೆಯೂ ಇದೆ. ಬಿಡಿಭಾಗಗಳನ್ನು ಬೆಂಗಳೂರಿನಿಂದ ತರಿಸಬೇಕಾದ್ದರಿಂದ ಕೆಲಸ ತಡವಾಗುತ್ತದೆ, ಖರ್ಚಿನ ಅಂದಾಜನ್ನು ಬಾಯಲ್ಲಿ ಹೇಳುತ್ತಾರೆಯೇ ಹೊರತು ಬರೆದು ಕೊಡುವುದಿಲ್ಲ. ಅಲ್ಲಿಗೆ ಹೋಗುವವರು ಗಾಡಿಯ ಕೈಪಿಡಿಯನ್ನು ಜೊತೆಗೆ ಒಯ್ಯಬೇಕು; ಸಂದಿನ ಅಳತೆ ಒಂದೊಂದು ಎಂಜಿನ್ನಿಗೆ ಒಂದೊಂದು ಇರುತ್ತದೆ, ಅದನ್ನು ನೋಡದೆ ಅವರು ನಟ್ಟು ಸಡಿಲಿಸುವುದಿಲ್ಲ.