ಬೆರಳಿಗೆ ಹೂಂ, ಬಿಟ್‌ಗೆ ಊಹೂಂ: ಟೂಲ್ ಲೆಂತ್ ಸೆನ್ಸರ್ ಜೊತೆ ಎರಡು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಬಿಟ್‌ನ (ಕೆತ್ತುವ ಉಳಿಯ) ತುದಿ ಎಷ್ಟು ಕೆಳಗಿದೆ ಅಂತ ಮುಟ್ಟಿ ಅಳೆಯುವ, ಗುಂಡಿಯಿರುವ ಈ ಸೆನ್ಸರ್ ನನ್ನ ಎರಡು ಬಿಟ್ ಮುರಿದಿದೆ. ಆದರೂ ಅದನ್ನು ಬಿಚ್ಚಿ ಬಿಸಾಕಿಲ್ಲ.

ನನ್ನದು ಚಿಕ್ಕ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರ), ಬೆಡ್, ಅಂದರೆ ಕೆಲಸ ಇಡುವ ಹಲಗೆ, ಹಿಂದೆ ಮುಂದೆ ಓಡಾಡುವ ಜಾತಿ. ಕಂಟ್ರೋಲರ್‌ನಲ್ಲಿ ಯಂತ್ರ ನಡೆಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್ 1.1. ಇದ್ದುದರಲ್ಲಿ ಅಗ್ಗದ ಸೆನ್ಸರ್ ತಗೊಂಡು ಬೆಡ್‌ನ ಮುಂದಿನ ಮೂಲೆಗೆ ಕೂರಿಸಿದೆ. ಅದಕ್ಕೂ ಮೊದಲು ಕಾಗದದ ಚೂರು ಇಟ್ಟು, ಬಿಟ್ ಇಳಿಸುತ್ತಾ, ಕಾಗದ ಎಳೆದು ನೋಡುತ್ತಾ ಝಡ್ ಸೊನ್ನೆ, ಅಂದರೆ ಆಳದ ಲೆಕ್ಕ ಶುರುವಾಗುವ ಎತ್ತರ, ಹಿಡಿಯುತ್ತಿದ್ದೆ. ಬಿಟ್ ಬದಲಿಸಿದಾಗಲೆಲ್ಲ ಅದೇ ಗೋಳು. ಬಿಟ್ ಹಿಡಿಯುವ ಕಾಲೆಟ್‌ನಲ್ಲಿ ಯಾವ ಬಿಟ್ಟೂ ಹಿಂದಿನದರಷ್ಟೇ ಉದ್ದಕ್ಕೆ ಕೂರುವುದಿಲ್ಲ, ಅಲ್ವಾ?

ಸೆನ್ಸರ್ ಬಂದ ಮೇಲೆ ಒಂದು ಅಭ್ಯಾಸ ಬೆಳೆಯಿತು. ಬೆಡ್ ನನ್ನ ಕಡೆಗೆ ತಂದುಕೊಳ್ಳುವುದು. ಹಳೇ ಪೇಂಟ್ ಬ್ರಷ್‌ನಿಂದ ಸೆನ್ಸರ್ ಗುಂಡಿಯ ಸುತ್ತಲಿನ ಎಂಡಿಎಫ್ (ಒತ್ತಿ ಮಾಡಿದ ಮರದ ಹಲಗೆ) ಪುಡಿ ಗುಡಿಸಿ, ಒಮ್ಮೆ ಊದುವುದು. ಆಮೇಲೆ ಬೆರಳಿನಿಂದ ಗುಂಡಿ ಒತ್ತಿ ಪರದೆ ನೋಡುವುದು. ಸ್ಟೇಟಸ್ ಸಾಲಿನಲ್ಲಿ ಗುಂಡಿ ಒತ್ತಿದೆ ಅನ್ನುವ ‘ಪಿ’ ಮೂಡುತ್ತದೆ, ಬೆರಳು ತೆಗೆದರೆ ಮಾಯ. ಆಮೇಲೆ ಜಿ38.2, ಅಂದರೆ ಗುಂಡಿ ಒತ್ತುವ ತನಕ ಬಿಟ್ ಇಳಿಸು ಅನ್ನುವ ಆಜ್ಞೆ. ಬಿಟ್ ಒಮ್ಮೆ ಬೇಗ ಬಂದು ಮುಟ್ಟಿ, ಸ್ವಲ್ಪ ಮೇಲೆದ್ದು, ಎರಡನೇ ಸಲ ಮೆಲ್ಲಗೆ ಬರುತ್ತದೆ. ಆ ಎರಡನೇ ‘ಟಿಕ್’ ಕೇಳುವುದೇ ಒಂದು ಸುಖ. ಒಂದೇ ಬಿಟ್ಟನ್ನು ಹತ್ತು ಸಲ ಮುಟ್ಟಿಸಿ ನೋಡಿದ್ದೆ, ವ್ಯತ್ಯಾಸ 0.02 ಮಿ.ಮೀ. ದಾಟಲಿಲ್ಲ. ಒರಟು ಕೆಲಸ 3 ಮಿ.ಮೀ. ಬಿಟ್‌ನಲ್ಲಿ ಮುಗಿಸಿ ಚೂಪು ತುದಿಯ ವಿ-ಬಿಟ್ ಹಾಕಿದರೆ, ಕೆತ್ತಿದ ಅಕ್ಷರದಲ್ಲಿ ಎಲ್ಲೂ ಮೆಟ್ಟಿಲು ಕಾಣುತ್ತಿರಲಿಲ್ಲ.

ಒಂದೂವರೆ ವರ್ಷ ಹೀಗೇ ನಡೆಯಿತು. ಒಂದು ದಿನ ಬಿಟ್ ಗುಂಡಿಯನ್ನು ಒತ್ತಿತು, ಗುಂಡಿ ಕೆಳಗೆ ಹೋಯಿತು, ಬಿಟ್ ಮಾತ್ರ ನಿಲ್ಲಲಿಲ್ಲ. ಝಡ್ ಮೋಟರ್ ಗುರುಗುಟ್ಟಿತು. ಸ್ಟಾಪ್ ಬಟನ್‌ಗೆ ಕೈ ಹೋಗುವಷ್ಟರಲ್ಲಿ 1 ಮಿ.ಮೀ. ಬಿಟ್ ಚಟ್ ಅಂತ ಮುರಿದಿತ್ತು.

ಧೂಳು ಅಂದುಕೊಂಡೆ. ಒರೆಸಿ, ಬೆರಳಿನಿಂದ ಒತ್ತಿದೆ. ‘ಪಿ’ ಬಂತು. ಎರಡು ದಿನ ಸರಿ ಇತ್ತು, ಮೂರನೇ ದಿನ ಇನ್ನೊಂದು ಬಿಟ್ ಹೋಯಿತು. ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್) ವೈರ್‌ನಿಂದ ನಾಯ್ಸ್, ಅಂದರೆ ಸುಳ್ಳು ಸಿಗ್ನಲ್, ಬರುತ್ತಿರಬೇಕು ಅಂತ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಇದು ಸುಮ್ನೆ ದಂಡ. ನಾಯ್ಸ್ ಇದ್ದರೆ ಮುಟ್ಟದೇ ಮುಟ್ಟಿದೆ ಅನ್ನಬೇಕಿತ್ತು, ನನ್ನದು ಮುಟ್ಟಿದರೂ ಮುಟ್ಟಿಲ್ಲ ಅನ್ನುತ್ತಿತ್ತು. ಅಲ್ಲದೆ ಆ ಹೊತ್ತಿನಲ್ಲಿ ಸ್ಪಿಂಡಲ್ ತಿರುಗುವುದೇ ಇಲ್ಲ!

ಪ್ರತಿ ಸಲ ಬೆರಳಿಗೆ ಹೂಂ, ಬಿಟ್‌ಗೆ ಊಹೂಂ. ತಲೆಕೆಟ್ಟು ಒಂದು ರಾತ್ರಿ ಬಿಟ್ ಕಳಚಿ, ಸೆನ್ಸರನ್ನು ಸ್ಪಿಂಡಲ್ ಕೆಳಗೇ ಕಳಿಸಿ, ಅಲ್ಲಿ ಬೆರಳಿನಿಂದ ಒತ್ತಿದೆ. ‘ಪಿ’ ಇಲ್ಲ. ಬೆಡ್ ಮುಂದಕ್ಕೆ ತಂದೆ, ಬಂತು. ಹಿಂದಕ್ಕೆ ಕಳಿಸಿದೆ, ಹೋಯಿತು. ಇಷ್ಟು ದಿನ ನಾನು ಪರೀಕ್ಷೆ ಮಾಡಿದ್ದು ನನ್ನ ಕೈಗೆ ಸಿಗುವ ಜಾಗದಲ್ಲಿ ಮಾತ್ರ. ಬೆಡ್ ಹಿಂದೆ ಸರಿದಾಗ ವೈರ್ ಮಡಚುತ್ತಿತ್ತು. ಗುಂಡಿಗೆ ಟೇಪ್ ಸುತ್ತಿ ಒತ್ತಿಟ್ಟು, ಮಲ್ಟಿಮೀಟರ್ ಬೀಪ್‌ಗೆ ಹಾಕಿ ವೈರ್ ಬಳುಕಿಸುತ್ತಾ ಹೋದೆ. ಸೆನ್ಸರ್‌ನಿಂದ ಒಂದು ಗೇಣು ದೂರದಲ್ಲಿ ಬೀಪ್ ಬಿಟ್ಟು ಬಿಟ್ಟು ಬಂತು. ಹೊರಗೆ ಒಂದು ಗೀರೂ ಇಲ್ಲ. ಸಿಪ್ಪೆ ಸೀಳಿದರೆ ಒಳಗೆ ತಾಮ್ರದ ಎಳೆಗಳೆಲ್ಲ ತುಂಡು.

ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಸ್ವಿಚ್ ಇಷ್ಟು ಚೆನ್ನಾಗಿ ಮಾಡಿ, ಅದಕ್ಕೆ ಗೋಡೆಗೆ ಹೊಡೆಯುವ ಹಾಗಿರುವ ಗಡಸು ವೈರ್ ಯಾಕೆ ಕೊಡಬೇಕು? ದಿನಕ್ಕೆ ನೂರಾರು ಸಲ ಬಳುಕುವ ವೈರ್ ಅದು. ಇನ್ನೂ ಕೆಟ್ಟದ್ದು, ಸ್ವಿಚ್ಚನ್ನು ಒತ್ತಿದಾಗ ಮಾತ್ರ ಕೂಡುವ ಹಾಗೆ ಜೋಡಿಸಿದ್ದರು. ವೈರ್ ತುಂಡಾದರೂ ಗುಂಡಿ ಒತ್ತದಿದ್ದರೂ ಕಂಟ್ರೋಲರ್‌ಗೆ ಎರಡೂ ಒಂದೇ.

ಕವರ್ ಬಿಚ್ಚಿದಾಗ ಸಿಟ್ಟು ಸ್ವಲ್ಪ ಇಳಿಯಿತು. ಒಳಗಿನ ಮೈಕ್ರೋಸ್ವಿಚ್‌ಗೆ ಮೂರು ಕಾಲು, ಒಂದು ಖಾಲಿ. ಒತ್ತಿದಾಗ ಬಿಡುವ ಆ ಕಾಲಿಗೆ ಬೆಸುಗೆ ಬದಲಿಸಿ, ಸಣ್ಣ ಎಳೆಗಳು ಜಾಸ್ತಿ ಇರುವ ಮೆತ್ತನೆ ವೈರ್ ಹಾಕಿ, ಸೆಟ್ಟಿಂಗ್‌ನಲ್ಲಿ ಸಿಗ್ನಲ್ ತಿರುಗುಮುರುಗು ಓದುವ $6=1 ಕೊಟ್ಟೆ. ಬೇಕೆಂದೇ ಕನೆಕ್ಟರ್ ಕಿತ್ತು ಜಿ38.2 ಓಡಿಸಿದೆ. ಅಲಾರಂ 4, ಅಂದರೆ ಶುರುವಾಗುವ ಮೊದಲೇ ಗುಂಡಿ ಒತ್ತಿದಂತಿದೆ ಅನ್ನುವ ದೂರು. ಬಿಟ್ ಒಂದು ಕೂದಲಷ್ಟೂ ಅಲುಗಲಿಲ್ಲ. ಇಳಿಯುತ್ತಿರುವಾಗಲೇ ವೈರ್ ಹೋದರೂ ನಡುದಾರಿಯಲ್ಲಿ ನಿಲ್ಲುತ್ತದೆ. ಸೊನ್ನೆ ತಪ್ಪಿ ಗಾಳಿಯಲ್ಲಿ ಕೆತ್ತಬಹುದು, ಬಿಟ್ ಮುರಿಯುವುದಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬೆಸುಗೆ ಹಾಕಲು ಬೇಜಾರಿಲ್ಲ ಅಂದರೆ ತಗೊಳ್ಳಿ. ಬೇಜಾರು ಅಂದರೆ ಇನ್ನೊಂದಿಷ್ಟು ದುಡ್ಡು ಕೂಡಿಸಿ, ವೈರ್ ಬಳುಕಿಸಿ ನೋಡಿಯೇ ಬೇರೆ ಕೊಳ್ಳಿ.

ಆರು ತಿಂಗಳಿಂದ ತಕರಾರಿಲ್ಲ. ಅದೇ ಬ್ರಷ್, ಅದೇ ಊದುವುದು. ಬೆರಳಿನಿಂದ ಒತ್ತುವುದು ಮಾತ್ರ ಈಗ ಬೆಡ್ ಹಿಂದಕ್ಕೆ ಕಳಿಸಿದ ಮೇಲೆ, ಬಿಟ್ ಹಾಕುವ ಮೊದಲು. ಸ್ಪಿಂಡಲ್ ಕೆಳಗೆ ಕೈ ಚಾಚಬೇಕು, ಕತ್ತು ತಿರುಗಿಸಿ ಪರದೆ ನೋಡಬೇಕು.