ಆಗುಂಬೆ ಘಾಟಿಯ ಆಮೇಲೆ: ಮಾತ್ರೆ, ಇಎಂಡಿಆರ್, ಎಕ್ಸ್‌ಪೋಷರ್

2022ರ ಜುಲೈ. ಆಗುಂಬೆ ಘಾಟಿ ಇಳಿಯುವಾಗ ನಮ್ಮ ಕಾರು ಜಾರಿ ತಡೆಗೋಡೆಗೆ ಗುದ್ದಿತು. ಓಡಿಸುತ್ತಿದ್ದವನು ನಾನು. ಪಕ್ಕದಲ್ಲಿದ್ದ ತಮ್ಮನ ಕಾಲು ಡ್ಯಾಶ್‌ಬೋರ್ಡ್ ಕೆಳಗೆ ಸಿಕ್ಕಿಕೊಂಡಿತು. ಜನ ಬಂದು ಬಿಡಿಸುವವರೆಗೂ ವೈಪರ್ ಆಡುತ್ತಲೇ ಇತ್ತು. ಒಡೆದ ಗಾಜಿನ ಮೇಲೆ ಕಿರ್, ಕಿರ್.

ತಮ್ಮನ ಕಾಲಿಗೆ ರಾಡ್ ಹಾಕಿದರು. ನನಗೆ ತರಚು ಗಾಯವೂ ಇರಲಿಲ್ಲ. ಆದರೆ ಹಂಚಿನ ಮೇಲೆ ಮಳೆ ಬಿದ್ದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. ತೀರ್ಥಹಳ್ಳಿ ಕಡೆಯವನು ಮಳೆ ತಪ್ಪಿಸಿಕೊಂಡು ಎಲ್ಲಿಗೆ ಹೋಗೋದು?

ಅಮ್ಮ ‘ಹೆದರಿಕೆ ಹೊಕ್ಕಿದೆ’ ಅಂತ ತಾಯಿತ ಕಟ್ಟಿಸಿದರು, ಚೌಡಿಗೆ ಹಣ್ಣುಕಾಯಿ ಮಾಡಿಸಿದರು. ಅಮ್ಮನಿಗೆ ಅದರಿಂದ ಸಮಾಧಾನ ಸಿಕ್ಕಿತು, ನನಗೆ ಅಷ್ಟೇ ಸಾಕಿತ್ತು. ನನ್ನನ್ನು ಹಿಂದಕ್ಕೆ ಎಳೆದಿದ್ದು ನಿದ್ದೆ ಮಾತ್ರೆ. ಒಬ್ಬ ಡಾಕ್ಟರ್ ಏನಾಯಿತು ಅಂತಲೂ ಕೇಳದೆ ಅಲ್ಪ್ರಾಜೋಲಾಮ್ ಬರೆದುಕೊಟ್ಟರು. ಮೊದಲ ವಾರ ಸ್ವರ್ಗ. ಎರಡು ತಿಂಗಳಾಗುವಷ್ಟರಲ್ಲಿ ಒಂದು ಮಾತ್ರೆ ಸಾಲುತ್ತಿರಲಿಲ್ಲ, ಹಗಲೆಲ್ಲ ಮಂಪರು. ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ, ಅಂದರೆ ದೊಡ್ಡ ಆಘಾತದ ನಂತರ ಹೀಗೆ ಮನಸ್ಸಿನಲ್ಲಿ ಉಳಿದುಬಿಡುವ ಭಯದ ಕಾಯಿಲೆಗೆ, ಈ ಗುಂಪಿನ ಮಾತ್ರೆ ಬೇಡ ಅಂತಲೇ ಇದೆ. ಆಮೇಲೆ ಗೊತ್ತಾಯಿತು.

ಡಿಸೆಂಬರಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರನ್ನು ನೋಡಿ ಎಂದರು. ಶಿವಮೊಗ್ಗದಲ್ಲಿ ನೋಡಿದ ವೈದ್ಯರು ನಿದ್ದೆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಿದರು, ಖಿನ್ನತೆ, ಕಳವಳಕ್ಕೆ ಕೊಡುವ ಸರ್ಟ್ರಲೀನ್ ಶುರು ಮಾಡಿದರು.

ಸರ್ಟ್ರಲೀನ್ ನಿಧಾನದ ಮಾತ್ರೆ. ಮೊದಲ ಹತ್ತು ದಿನ ಹೊಟ್ಟೆ ತೊಳಸು, ಕಳವಳವೂ ಜಾಸ್ತಿ. ಬಿಟ್ಟೇಬಿಡೋಣ ಅನ್ನಿಸಿತ್ತು. ಐದನೇ ವಾರದ ಹೊತ್ತಿಗೆ ಸಿಡುಕು ಇಳಿಯಿತು, ಮಕ್ಕಳು ಹತ್ತಿರ ಬರತೊಡಗಿದರು. ಮಳೆಯ ಭಯ ಮಾತ್ರ ಇದ್ದ ಹಾಗೇ ಇತ್ತು, ಸದ್ದು ಸ್ವಲ್ಪ ಕಡಿಮೆಯಾಗಿತ್ತು ಅಷ್ಟೆ.

ಇಎಂಡಿಆರ್ ಅಂದರೆ ಕಣ್ಣಾಡಿಸುವ ಚಿಕಿತ್ಸೆ. ಫ್ರಾನ್ಸೀನ್ ಶಪಿರೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1980ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು. ಕೆಟ್ಟ ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಥೆರಪಿಸ್ಟ್ ಬೆರಳು ಅತ್ತಿತ್ತ ಆಡಿಸಿದಂತೆ ಕಣ್ಣು ಆಡಿಸಬೇಕು. ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಿಲ್ಲ, ಮನೆಯಲ್ಲಿ ಮಾಡುವ ಕೆಲಸವೂ ಕಡಿಮೆ. ನಾನು ಎರಡು ಸಲ ಕೂತೆ. ಆ ಬೆರಳು ಆಡುವಾಗ ನನಗೆ ವೈಪರೇ ಕಾಣಿಸುತ್ತಿತ್ತು. ನಿಲ್ಲಿಸಿಬಿಟ್ಟೆ. ನನ್ನ ತಮ್ಮ ಮಾತ್ರ ಎಂಟು ಸಲ ಹೋಗಿ ಪೂರ್ತಿ ಮುಗಿಸಿದ. ಅವನು ಮೊದಲಿಂದಲೂ ಮಾತು ಕಡಿಮೆ. ಈಗ ಚೆನ್ನಾಗಿ ನಿದ್ದೆ ಮಾಡುತ್ತಾನೆ. ಒಂದೇ ಕಾರಿನಲ್ಲಿ ಇದ್ದವರು ನಾವು, ಅಲ್ವಾ?

ನನಗೆ ಒಗ್ಗಿದ್ದು ಪ್ರೊಲಾಂಗ್ಡ್ ಎಕ್ಸ್‌ಪೋಷರ್, ಅಂದರೆ ಹೆದರಿಸುವ ನೆನಪನ್ನೇ ಮತ್ತೆ ಮತ್ತೆ ಎದುರಿಸುವ ಚಿಕಿತ್ಸೆ. ಎಡ್ನಾ ಫೋವಾ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ ವಿಧಾನ. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ ಒಂದೂವರೆ ಗಂಟೆ. ವಿಡಿಯೊ ಕಾಲ್ ನೋಡಿದೆವು, ನಮ್ಮೂರ ನೆಟ್‌ವರ್ಕ್ ನಡುವೆಯೇ ಕೈಕೊಡುತ್ತಿತ್ತು. ಅಳು ಬರುವ ಹೊತ್ತಿಗೆ ಪರದೆ ನಿಂತುಬಿಟ್ಟರೆ ಏನು ಮಾಡೋದು? ಹಾಗಾಗಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ.

ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿರುವ ಹಾಗೆ ಹೇಳಬೇಕು. ‘ಕಾರು ಜಾರುತ್ತಿದೆ. ತಮ್ಮ ಕೂಗುತ್ತಿದ್ದಾನೆ.’ ಮುಗಿದ ಕೂಡಲೇ ಮತ್ತೆ ಮೊದಲಿಂದ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ದಿನಾ ಮನೆಯಲ್ಲಿ ಕೇಳಬೇಕು. ಅಡಿಕೆ ಅಂಗಳದ ಮೂಲೆಯಲ್ಲಿ ಕೂತು ಕೇಳುತ್ತಿದ್ದೆ, ಅಂಗಿ ಬೆವರಿನಲ್ಲಿ ತೊಯ್ಯುತ್ತಿತ್ತು. ಮೊದಲ ಮೂರು ವಾರ ಕನಸು ಜಾಸ್ತಿಯೇ ಆಯಿತು. ಈ ಹಂತದಲ್ಲಿ ಜೊತೆಗೆ ಯಾರಾದರೂ ಇರಬೇಕು. ನನಗೆ ನಿದ್ದೆ ಬರುವವರೆಗೂ ನನ್ನ ಹೆಂಡತಿ ಒಂದು ದಿನವೂ ಮಲಗದೆ ಕಾದಳು.

ಐದನೇ ಭೇಟಿಯಲ್ಲಿ ಹೇಳುತ್ತಾ ಹೇಳುತ್ತಾ ಒಂದು ಮಾತು ತಾನಾಗಿ ಬಂತು: ‘ಎರಡನೇ ಗೇರಿನಲ್ಲಿ ಇದ್ದೀನಿ.’ ವೇಗವಾಗಿ ಓಡಿಸಿ ತಮ್ಮನ ಕಾಲು ಮುರಿದೆ ಅಂತಲೇ ಅಲ್ಲಿವರೆಗೆ ನಂಬಿದ್ದೆ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಸುಮ್ನೆ ಕಿಟಕಿಯಾಚೆ ತುಂಗೆ ನೋಡುತ್ತಾ ಕೂತಿದ್ದೆ.

ಇದರ ಜೊತೆಗೆ ಭಯದ ಮೆಟ್ಟಿಲುಗಳ ಪಟ್ಟಿ. ನಿಂತ ಕಾರಿನಲ್ಲಿ ವೈಪರ್ ಹಾಕಿ ಕೂರೋದು ಮೊದಲನೆಯದು. ಹನಿ ಮಳೆಯಲ್ಲಿ ಮಂಡಗದ್ದೆವರೆಗೆ ಓಡಿಸೋದು ನಡುವಿನದು. ಘಾಟಿಯ ಹದಿನಾಲ್ಕೂ ತಿರುವು ಇಳಿದು ಸೋಮೇಶ್ವರ ಮುಟ್ಟೋದು ಕೊನೆಯದು.

ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ಹೇಳೋದು ಇಷ್ಟು. ಎಲ್ಲ ಹೇಳಿಕೊಳ್ಳಬಲ್ಲೆ, ಮನೆಯಲ್ಲಿ ಆಸರೆ ಇದೆ ಅನ್ನುವವರಿಗೆ ಎಕ್ಸ್‌ಪೋಷರ್. ಬಾಯಿ ಬಾರದಿದ್ದರೆ ಇಎಂಡಿಆರ್. ವಾರವಾರ ಪೇಟೆಗೆ ಹೋಗಲಾಗದವರು ಸರ್ಟ್ರಲೀನ್ ಬಗ್ಗೆ ಡಾಕ್ಟರ ಹತ್ತಿರ ಕೇಳಿ, ಐದಾರು ವಾರ ಕಾಯಿರಿ, ನೀವಾಗೇ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನೇ ಚಿಕಿತ್ಸೆ ಅಂತ ಕೊಟ್ಟರೆ ಇನ್ನೊಬ್ಬ ಡಾಕ್ಟರನ್ನು ನೋಡಿ.

ಅಪಘಾತದ ಮುಂದಿನ ವರ್ಷ ಆಗಸ್ಟಿನಲ್ಲಿ ಸೋಮೇಶ್ವರಕ್ಕೆ ಇಳಿದೆವು. ನಾನೇ ಓಡಿಸಿದೆ. ಏಳನೇ ತಿರುವಿನಲ್ಲಿ ಮಳೆ ಜೋರಾಯಿತು. ತಮ್ಮ ಏನೂ ಮಾತಾಡದೆ ಕೈ ಚಾಚಿ ವೈಪರ್ ಹಾಕಿದ.