ಒರಿಜಿನಲ್ ಕಾಯಿಲ್, ಕಂಪ್ಯಾಟಿಬಲ್ ಕಾಯಿಲ್, ನಾವೇ ಸುತ್ತೋ ಕಾಯಿಲ್: ಕೈಕೊಟ್ಟಾಗ ಯಾವುದನ್ನ ಸರಿ ಮಾಡೋದು ಸುಲಭ

ಕಾಯಿಲ್ ಅಂದ್ರೆ ವೇಪ್ (ಇ-ಸಿಗರೇಟ್) ಟ್ಯಾಂಕೊಳಗೆ ಹತ್ತಿ ಹೀರಿದ ಲಿಕ್ವಿಡ್ಡನ್ನ ಕಾಯಿಸಿ ಆವಿ ಮಾಡೋ ಭಾಗ. ಒಂದೇ ಟ್ಯಾಂಕಲ್ಲಿ ಮೂರು ಥರದ ಕಾಯಿಲ್ ಓಡಿಸಿ ನೋಡಿದೀನಿ. ಟ್ಯಾಂಕ್ ಮಾಡಿದವರದ್ದೇ ಒರಿಜಿನಲ್ ಮೆಶ್ (ಜಾಲರಿ) ಕಾಯಿಲ್, ಬೇರೆಯವರು ಅದೇ ಅಳತೆಗೆ ಮಾಡಿ ಕಡಿಮೆ ರೇಟಿಗೆ ಮಾರೋ ಕಂಪ್ಯಾಟಿಬಲ್, ಆಮೇಲೆ ಆರ್‌ಬಿಎ ಡೆಕ್ ಅಂತಾರಲ್ಲ, ವೈರ್ ನಾವೇ ಸುತ್ತಿ ಹತ್ತಿ ಹಾಕ್ಕೊಳೋದು, ಅದು. ಮೂರೂ ಕೆಡುತ್ವೆ, ಆದ್ರೆ ಕೆಡೋ ರೀತಿ ಬೇರೆ ಬೇರೆ, ಎಲ್ಲಿ ಕೆಟ್ಟಿದೆ ಅಂತ ಹುಡುಕೋ ಕಷ್ಟಾನೂ ಬೇರೆ ಬೇರೆ. ಫ್ಲೇವರ್ ಬಗ್ಗೆ ಎಲ್ರೂ ಮಾತಾಡ್ತಾರೆ, ನಂಗೆ ಈ ಹುಡುಕೋ ವಿಷಯಾನೇ ಮುಖ್ಯ ಅನ್ಸುತ್ತೆ.

ಯಾವ ಕಾಯಿಲ್ ಆದ್ರೂ ಮೊದ್ಲು ಟ್ಯಾಂಕ್ ತುಂಬಬೇಡಿ. ಒಣ ಕಾಯಿಲನ್ನೇ ಕೂರಿಸಿ, ಫೈರ್ ಬಟನ್ ಒತ್ತದೆ, ಸ್ಕ್ರೀನ್ ಮೇಲೆ ಓಮ್ (ಕಾಯಿಲಿನ ವಿದ್ಯುತ್ ಪ್ರತಿರೋಧ) ಎಷ್ಟು ತೋರಿಸುತ್ತೆ ನೋಡಿ. ಮೇಲೆ 0.4 ಅಂತ ಬರೆದಿದ್ದು 0.42 ತೋರಿಸಿದ್ರೆ ತಲೆ ಕೆಡಿಸ್ಕೋಬೇಡಿ. 0.7 ತೋರಿಸಿದ್ರೆ, ಇಲ್ಲಾ ಬಿಚ್ಚಿ ಹಾಕಿದಾಗೆಲ್ಲ ಬೇರೆ ಬೇರೆ ನಂಬರ್ ಬಂದ್ರೆ, ಎಲ್ಲೋ ಕಾಂಟ್ಯಾಕ್ಟ್ ಸರಿ ಇಲ್ಲ. ಕಾಯಿಲ್ ಕೆಟ್ಟಿದ್ಯೋ ಟ್ಯಾಂಕ್ ಕೆಟ್ಟಿದ್ಯೋ ಗೊತ್ತಾಗೋಕೆ ಅದಲು ಬದಲು ಮಾಡೋದೇ ದಾರಿ: ಚೆನ್ನಾಗಿರೋ ಹಳೇ ಕಾಯಿಲನ್ನ ಇದೇ ಟ್ಯಾಂಕಿಗೆ ಹಾಕಿ, ಅದೂ ಹಾಗೇ ಆಡಿದ್ರೆ ತಪ್ಪು ಕಾಯಿಲ್‌ದಲ್ಲ, 510 ಪಿನ್ (ಟ್ಯಾಂಕನ್ನ ಬ್ಯಾಟರಿ ಇರೋ ಡಿವೈಸಿಗೆ ಜೋಡಿಸೋ ಕಡೆಯ ಪಿನ್) ಹತ್ರ ಲಿಕ್ವಿಡ್ ಕೂತಿರುತ್ತೆ ಅಥವಾ ಪಿನ್ ಒಳಗೆ ಸರಿದಿರುತ್ತೆ, ಟಿಶ್ಯೂಲಿ ಥ್ರೆಡ್ಡು ಪಿನ್ನು ಎರಡೂ ಒರೆಸಿದ್ರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ.

ಒರಿಜಿನಲ್ಲಲ್ಲಿ ಹುಟ್ಟುತ್ತಲೇ ಕೆಟ್ಟಿರೋದು ನಂಗೆ ಸಿಕ್ಕಿದ್ದು ತುಂಬಾ ಕಮ್ಮಿ. ಸುಟ್ಟ ರುಚಿ ಬಂದ್ರೆ ಹೆಚ್ಚಾಗಿ ಹತ್ತಿ ಪೂರ್ತಿ ನೆನೆದಿರಲ್ಲ. ಪಕ್ಕದ ತೂತುಗಳಲ್ಲಿ ಕಾಣೋ ಹತ್ತಿಗೆ ಒಂದೊಂದು ಹನಿ ಬಿಟ್ಟು, ಟ್ಯಾಂಕ್ ತುಂಬಿ ಹತ್ತು ನಿಮಿಷ ಸುಮ್ನೆ ಇಟ್ಟು, ಬರೆದಿರೋ ವ್ಯಾಟ್ ರೇಂಜಲ್ಲಿ ಕೆಳಗಿನ ತುದಿಯಿಂದ ಶುರು ಮಾಡಿದ್ರೆ ಸಾಕು. ಹೈ ಓಮ್‌ನ ಸಣ್ಣ ತೂತಿನ ಕಾಯಿಲಿಗೆ ವಿಜಿ (ವೆಜಿಟಬಲ್ ಗ್ಲಿಸರಿನ್) ಜಾಸ್ತಿ ಇರೋ ದಪ್ಪ ಲಿಕ್ವಿಡ್ ಹಾಕಿದ್ರೆ ಹತ್ತಿ ಒಣಗುತ್ತೆ, ದೊಡ್ಡ ತೂತಿನ ಸಬ್ ಓಮ್ (ಒಂದು ಓಮಿಗಿಂತ ಕಡಿಮೆ) ಕಾಯಿಲಿಗೆ ಪಿಜಿ (ಪ್ರೊಪಿಲೀನ್ ಗ್ಲೈಕಾಲ್) ಜಾಸ್ತಿ ಇರೋ ತೆಳು ಲಿಕ್ವಿಡ್ ಹಾಕಿದ್ರೆ ಗುಳುಗುಳು ಅಂತ ಸದ್ದು ಬಂದು ಗಾಳಿ ತೂತಿಂದ ಸೋರುತ್ತೆ. ಇದು ಕಾಯಿಲ್ ತಪ್ಪಲ್ಲ. ಸುಟ್ಟ ರುಚಿ ಬರ್ತಿದ್ರೂ ಎಳೀತಾ ಇರೋರನ್ನ ನೋಡಿದೀನಿ, ದಯವಿಟ್ಟು ಬೇಡ, ಒಣ ಕಾಯಿಲ್ ಕಾದಾಗ ಫಾರ್ಮಾಲ್ಡಿಹೈಡ್ ಥರದ ಕೆಟ್ಟ ರಾಸಾಯನಿಕಗಳು ಜಾಸ್ತಿ ಹುಟ್ಟುತ್ವೆ. ಒಂದ್ಸಲ ಹತ್ತಿ ಸುಟ್ಟಮೇಲೆ ಆ ಕಾಯಿಲ್ ಮುಗೀತು, ನೀರಲ್ಲಿ ತೊಳೆದ್ರೂ ವಾಪಸ್ ಬರಲ್ಲ.

ಕಂಪ್ಯಾಟಿಬಲ್ ವಿಷಯಕ್ಕೆ ಬಂದ್ರೆ ನಂಗೆ ಅಸಮಾಧಾನ ಜಾಸ್ತಿ. ಒಂದೇ ಪ್ಯಾಕೆಟ್ಟಲ್ಲಿ ಒಂದು ಚೆನ್ನಾಗಿ ಓಡುತ್ತೆ, ಪಕ್ಕದ್ದು ಓಡಲ್ಲ. ಕೆಳಗಡೆ ಪಿನ್ನು, ಅದರ ಸುತ್ತ ಒಂದು ರಬ್ಬರ್ ಇನ್ಸುಲೇಟರ್ ಇರುತ್ತಲ್ಲ, ರೋಗ ಹೆಚ್ಚಾಗಿ ಅಲ್ಲೇ. ರಬ್ಬರ್ ಸಡಿಲ ಇದ್ರೆ ಪಿನ್ ಓರೆಯಾಗಿ ವೈರ್ ಕಾಲು ಹೊರಗಿನ ಲೋಹಕ್ಕೆ ತಾಗುತ್ತೆ, ಸ್ಕ್ರೀನಲ್ಲಿ 'ಅಟಾಮೈಸರ್ ಶಾರ್ಟ್' ಬರುತ್ತೆ (ಅಟಾಮೈಸರ್ ಅಂದ್ರೆ ಕಾಯಿಲ್ ಸಮೇತ ಟ್ಯಾಂಕ್). ಕಾಲು ಬಿಟ್ಕೊಂಡ್ರೆ, ಅಥವಾ ಕಾಯಿಲ್ ಕೂದಲೆಳೆಯಷ್ಟು ಗಿಡ್ಡ ಇದ್ದು ಬೇಸಿಗೆ ಮುಟ್ಟದೇ ಇದ್ರೆ, 'ನೋ ಅಟಾಮೈಸರ್'. ಪಿನ್ನನ್ನ ಉಗುರಲ್ಲಿ ಮೆಲ್ಲಗೆ ನೇರ ಮಾಡಿ ನೋಡಬಹುದು, ಆದ್ರೂ ಶಾರ್ಟ್ ಬಂದ್ರೆ ಎಸೀರಿ, ಶಾರ್ಟ್ ಜೊತೆ ಲಿಥಿಯಂ ಸೆಲ್ ಇಟ್ಕೊಂಡು ಆಟ ಆಡೋದು ಬೇಡವೇ ಬೇಡ. ಓ ರಿಂಗ್ ತೆಳ್ಳಗಿದ್ದು ಸೋರೋದೂ ಇದೆ, ಅದಕ್ಕೆ ಹಳೇ ಒರಿಜಿನಲ್ ಕಾಯಿಲಿನ ರಿಂಗ್ ಬಿಚ್ಚಿ ಹಾಕಿದ್ರೆ ನಿಲ್ಲುತ್ತೆ.

ಆರ್‌ಬಿಎ ಶುರುವಲ್ಲಿ ತಾಳ್ಮೆ ತಿನ್ನುತ್ತೆ ನಿಜ, ಆದ್ರೆ ಎಲ್ಲಾನೂ ಕಣ್ಣಿಗೆ ಕಾಣುತ್ತೆ. ಓಮ್ ಕುಣೀತಿದ್ರೆ ಸ್ಕ್ರೂ ಸಡಿಲ. ಶಾರ್ಟ್ ಅಂದ್ರೆ ಕತ್ತರಿಸದೇ ಬಿಟ್ಟ ವೈರ್ ತುದಿ ಡೆಕ್‌ಗೋ ಕ್ಯಾಪ್‌ಗೋ ತಾಗಿದೆ. ಹತ್ತಿ ಹಾಕೋ ಮುಂಚೆ ಕಡಿಮೆ ವ್ಯಾಟಲ್ಲಿ ಒಂದೆರಡು ಸಲ ಒತ್ತಿದ್ರೆ, ಸರಿಯಾದ ಕಾಯಿಲ್ ನಡುವಿಂದ ಹೊರಗಡೆಗೆ ಸಮನಾಗಿ ಕೆಂಪಾಗುತ್ತೆ. ಒಂದೇ ಕಡೆ ಮೊದ್ಲು ಕೆಂಪಾದ್ರೆ ಅದೇ ಹಾಟ್ ಸ್ಪಾಟ್, ಸೆರಾಮಿಕ್ ಟ್ವೀಜರಲ್ಲಿ ಸುತ್ತುಗಳನ್ನ ಮೆಲ್ಲಗೆ ಕೆರೆದು ಹಿಸುಕಿದ್ರೆ ಹೋಗುತ್ತೆ. ವೈರ್ ಕ್ಯಾಂಥಾಲ್ (ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಮಿಶ್ರಲೋಹ) ಆಗಿದ್ರೆ ಬಿಸಿಯಾದ್ರೂ ಓಮ್ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಹುಡುಕೋಕೆ ಸಲೀಸು. ಸ್ಟೀಲ್ ವೈರ್ ಬಿಸಿಗೆ ಓಮ್ ಏರಿಸುತ್ತೆ, ಆರಿದಮೇಲೆ ಅಳೀಬೇಕು. ತುಂಬಾ ಕಡಿಮೆ ಓಮಿಗೆ ಮಾತ್ರ ಹೋಗಬೇಡಿ: ತುಂಬಿದ ಸೆಲ್‌ನ 4.2 ವೋಲ್ಟ್‌ಗೆ 0.2 ಓಮ್ ನೇರ ಸಿಕ್ಕಿದ್ರೆ 21 ಆಂಪಿಯರ್ ಎಳೆಯುತ್ತೆ, ವೇಪ್ ಡಿವೈಸಿಗೆ ಹಾಕೋ ಎಷ್ಟೋ 18650 ಲಿಥಿಯಂ ಸೆಲ್ ಅದನ್ನ ತಡೆಯಲ್ಲ.

ದಿನದ ಬಳಕೆಗೆ ನನ್ನ ಆಯ್ಕೆ ಒರಿಜಿನಲ್ ಮೆಶ್, ತಾಳ್ಮೆ ಇರೋರಿಗೆ ಆರ್‌ಬಿಎ. ಕಂಪ್ಯಾಟಿಬಲ್ಲೇ ತಗೋಳೋದಾದ್ರೆ ಪ್ಯಾಕೆಟ್ ಬಿಚ್ಚಿದ ದಿನಾನೇ ಎಲ್ಲಾ ಕಾಯಿಲ್‌ನೂ ಒಣದಾಗೇ ಒಂದೊಂದಾಗಿ ಕೂರಿಸಿ ಓಮ್ ನೋಡ್ಬಿಡಿ, ಲಿಕ್ವಿಡ್ ತಾಗಿದ ಕಾಯಿಲನ್ನ ಅಂಗಡಿಯವರು ವಾಪಸ್ ತಗೊಳೋದು ಕಷ್ಟ.